ಕುಂಬಳಕಾಯಿಗೆ ಲಗೇಜ್ ಟಿಕೆಟ್

ಕಂಡಕ್ಟರನಿಗೆ ಒಂದು ವಾರದ ರಜೆ ಮಂಜೂರಾಯಿತು ಎಂದಾಗ ಡಿಪೋದಲ್ಲಿ ಯಾರೂ ನಂಬಲಿಲ್ಲ. ಅವನ ಹೆಂಡತಿ ಬಟ್ಟೆ ತುಂಬುವಾಗಲೂ ನಂಬಿರಲಿಲ್ಲ. ರಜೆ ಸಿಕ್ಕರೆ ಅದನ್ನೂ ಬಸ್ಸಿನಲ್ಲೇ ಕಳೆಯುವ ಆಸಾಮಿ ಅವನು. ಮದುವೆಮನೆಯ ಫೋಟೋಕ್ಕೆ ನಿಂತರೆ 'ಒಳಗೆ ಸರೀರಿ, ಒಳಗೆ ಜಾಗ ಇದೆ' ಎಂದು ತಳ್ಳೀ ತಳ್ಳೀ ಮದುಮಗನನ್ನೇ ಫೋಟೋದಿಂದ ಆಚೆ ಹಾಕಿದ್ದ. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ 'ಹೋಲ್ಡಾನ್' ಎನ್ನುತ್ತಿದ್ದ. ಅದಕ್ಕೇ ಹೆಂಡತಿ ಒಂದೇ ಒಂದು ಷರತ್ತು ಹಾಕಿದಳು. ಕಡಲೂರಿಗೆ ಗಂಡ ಬರಬಹುದು, ಅವನ ವಿಷಲ್ ಬರಕೂಡದು. ಅವನು ಒಪ್ಪಿ, ಅವಳ ಕಣ್ಣೆದುರಿಗೇ ವಿಷಲನ್ನು ಗೋಡೆಯ ಮೊಳೆಗೆ ನೇತುಹಾಕಿದ. ಆಮೇಲೆ ಅವಳು ಒಲೆ ಆರಿದೆಯೋ ಇಲ್ಲವೋ ನೋಡಲು ಒಳಗೆ ಹೋದಾಗ ತೆಗೆದು ಶೇವಿಂಗ್ ಡಬ್ಬಿಯಲ್ಲಿಟ್ಟುಕೊಂಡ. ಒಬ್ಬ ಮನುಷ್ಯನಿಂದ ಎಷ್ಟು ಅಂತ ನಿರೀಕ್ಷಿಸುವುದು?

ಈ ಪ್ರವಾಸಕ್ಕೆ ನೆಪ ಸಮುದ್ರ, ಕಾರಣ ಅತ್ತೆ. ಹೆಂಡತಿಯ ತಾಯಿ ಮುಂದಿನ ತಿಂಗಳಿಂದ ಇವರ ಮನೆಯಲ್ಲೇ ಇರಬೇಕೆಂದು ಮಾತಾಗಿತ್ತು. ಮನೆಯೋ ಎರಡೇ ಕೋಣೆಯದು. ಅತ್ತೆಗೂ ಅಳಿಯನಿಗೂ ಮಾತು ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಅದಕ್ಕೇ ಹೆಂಡತಿ ತಾಯಿಯನ್ನೂ ಜೊತೆಗೆ ಹೊರಡಿಸಿದ್ದಳು. ಜಗಳ ಆಸ್ತಿಯದಲ್ಲ, ಮಾನ ಮರ್ಯಾದೆಯದೂ ಅಲ್ಲ. ಕುಂಬಳಕಾಯಿಯದು.

ಮದುವೆಯಾದ ಹೊಸತರಲ್ಲಿ ಅತ್ತೆ ತನ್ನ ಹಿತ್ತಲಲ್ಲಿ ಬೆಳೆದ ಒಂದು ಕುಂಬಳಕಾಯಿಯನ್ನು ಮಗಳ ಮನೆಗೆ ಕೊಡಲೆಂದು ಸೊಂಟದ ಮೇಲಿಟ್ಟುಕೊಂಡು ಬಸ್ಸು ಹತ್ತಿದ್ದಳು. ಸಣ್ಣ ಕಾಯಿ ಏನಲ್ಲ, ಬಳ್ಳಿಯೇ ಅದಕ್ಕೆ ಹೆದರುತ್ತಿತ್ತು ಅನ್ನಬೇಕು. ಬಸ್ಸು ಅಳಿಯನದೇ ಎಂದು ನೋಡಿ ಅವಳ ಮುಖ ಅರಳಿತ್ತು. ಅಕ್ಕಪಕ್ಕದವರಿಗೆಲ್ಲ 'ನಮ್ಮ ಅಳಿಯಂದಿರು' ಎಂದು ಹೇಳಿಯೂ ಆಗಿತ್ತು. ಅಳಿಯಂದಿರು ಬಂದರು, ನಮಸ್ಕಾರ ಮಾಡಿದರು, ಅತ್ತೆಯ ಟಿಕೆಟ್ಟನ್ನು ತಮ್ಮ ಕೈಯಿಂದಲೇ ದುಡ್ಡು ಹಾಕಿ ಹರಿದರು. ಆಮೇಲೆ ಕುಂಬಳಕಾಯಿಯನ್ನು ಎರಡು ಕೈಯಲ್ಲಿ ಎತ್ತಿ ತೂಕ ನೋಡಿ, ಇಡೀ ಬಸ್ಸಿನ ಎದುರಿಗೆ, "ಇದಕ್ಕೆ ಲಗೇಜ್ ಆಗುತ್ತೆ ಅತ್ತೆ, ಇದರದ್ದು ನೀವು ಕೊಡಬೇಕು" ಎಂದುಬಿಟ್ಟರು. ಅತ್ತೆ ಮಾತಿಲ್ಲದೆ ಕೊಟ್ಟಳು. ಮುಂದಿನ ನಿಲ್ದಾಣದಲ್ಲಿ ಕಾಯಿಯ ಸಮೇತ ಇಳಿದು, ಬಂದ ದಾರಿಯಲ್ಲೇ ನಡೆದು ಹೋದಳು. ಅಂದಿನಿಂದ ಅಳಿಯನ ಜೊತೆ ಒಂದು ಮಾತಿಲ್ಲ, ಮಗಳ ಮನೆಗೆ ಒಂದು ಕುಂಬಳಕಾಯಿಯಿಲ್ಲ.

ಮಾತಿಲ್ಲ ಎಂದರೆ ಮೌನ ಎಂದು ತಿಳಿಯಬೇಡಿ. ಅಷ್ಟು ಸುಲಭದ ಅತ್ತೆಯಲ್ಲ ಅದು. ಮಗಳು ಹತ್ತಿರವಿದ್ದರೆ ಮಗಳ ಮೂಲಕ, ಇಲ್ಲದಿದ್ದರೆ ಕೈಗೆ ಸಿಕ್ಕ ಸಾಮಾನಿನ ಮೂಲಕ ಅವಳು ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು. ಕಡಲೂರಿನ ಹೊಟೇಲಿನ ಊಟದ ಕೋಣೆಯಲ್ಲಿ ಮೊದಲ ದಿನವೇ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು, "ಏ ಕುರ್ಚಿ, ಎದುರಿಗೆ ಕೂತವರಿಗೆ ಹೇಳು, ತಟ್ಟೇಲಿರೋದು ಆರಿ ಹೋಗ್ತಿದೆ ಅಂತ" ಎಂದಳು. ಬಡಿಸುವವನು ಕುರ್ಚಿಯನ್ನು ಎರಡೆರಡು ಸಲ ನೋಡಿ, ಅದರ ಮುಂದೆಯೂ ಒಂದು ಲೋಟ ನೀರಿಟ್ಟು ಹೋದ.

ಹೊಟೇಲಿನವರು 'ಕಡಲಿಗೆ ಮುಖ ಮಾಡಿದ ರೂಮು' ಎಂದಿದ್ದರು. ರೂಮೇನೋ ಮುಖ ಮಾಡಿತ್ತು, ನಡುವೆ ಇನ್ನೊಂದು ಹೊಟೇಲು ಎದ್ದು ನಿಂತಿತ್ತು. ಬಚ್ಚಲಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಒಂಟಿಕಾಲಲ್ಲಿ ನಿಂತು ಕತ್ತು ಎಡಕ್ಕೆ ತಿರುಗಿಸಿದರೆ ಒಂದು ಟವೆಲ್ಲಿನಷ್ಟು ಸಮುದ್ರ ಕಾಣುತ್ತಿತ್ತು. ಮೂವರೂ ಸರದಿಯ ಮೇಲೆ ನೋಡಿದರು. ಸರದಿ ಮಾಡಿಸಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ. ಲಿಫ್ಟಿನಲ್ಲಂತೂ ಅವನು ಬಾಗಿಲ ಪಕ್ಕ ತನ್ನ ಜಾಗ ಹಿಡಿದುಬಿಟ್ಟ. 'ಇಳಿಯೋರು ಮೊದ್ಲು ಇಳೀರಿ' ಎನ್ನುವ ದನಿ ಕೇಳಿ, ಮೇಲಿನ ಮಹಡಿಯಲ್ಲಿ ಇಳಿಯಬೇಕಿದ್ದ ದಂಪತಿ ಕೆಳಗೇ ಇಳಿದು ಮೆಟ್ಟಿಲು ಹತ್ತಿ ಹೋದರು.

ಎರಡನೆಯ ದಿನ ದೀಪಸ್ತಂಭ ನೋಡಲು ಹೋದರು. ಒಳಗೆ ಸುತ್ತು ಮೆಟ್ಟಿಲು, ಒಬ್ಬರ ಹಿಂದೆ ಒಬ್ಬರು. ಕಂಡಕ್ಟರ್ ಮುಂದೆ, ಅತ್ತೆ ನಡುವೆ, ಹಿಂದೆ ಹೆಂಡತಿಯೂ ಊರಿನವರೆಲ್ಲರೂ. ಅರ್ಧ ದಾರಿಯಲ್ಲಿ ಅತ್ತೆ ನಿಂತು, ಹಿಡಿಕಂಬಿಯನ್ನು ತಟ್ಟಿ, ಮುಂದೆ ಹೋಗುವವರಿಗೆ ಸ್ವಲ್ಪ ನಿಧಾನ ಹತ್ತುವಂತೆ ಹೇಳು, ನಮ್ಮ ಮಂಡಿ ಸರ್ಕಾರದ್ದಲ್ಲ ಎಂದು ಅದಕ್ಕೆ ತಾಕೀತು ಮಾಡಿದಳು. 'ಅತ್ತೆ, ಕೈ ಕೊಡಲಾ' ಎಂದು ನೇರವಾಗಿ ಕೇಳಿದರೆ ಉತ್ತರ ಬರುವುದಿಲ್ಲವೆಂದು ಕಂಡಕ್ಟರನಿಗೆ ಗೊತ್ತಿತ್ತು. ಅವನೂ ಕಂಬಿಗೆ ಬಾಯಿ ಹಚ್ಚಿ, ಇನ್ನೊಂದೇ ಸುತ್ತು ಉಳಿದಿದೆ ಎಂದು ಅತ್ತೆಯವರಿಗೆ ತಿಳಿಸಬೇಕಾಗಿ ಕೋರಿಕೊಂಡ. ಹಿಂದಿನಿಂದ ಬರುತ್ತಿದ್ದವರು ಒಬ್ಬೊಬ್ಬರಾಗಿ ಕಂಬಿಯಿಂದ ಕೈ ತೆಗೆದರು.

ಸಂಜೆ ಅತ್ತೆ ರೂಮಿನಲ್ಲಿ ಕಾಲು ಚಾಚಿ ಮಲಗಿದ್ದಾಗ ಗಂಡ ಹೆಂಡತಿ ಕಡಲ ದಂಡೆಯ ಕಟ್ಟೆಯ ಮೇಲೆ ಕೂತರು. ಹೆಂಡತಿ ಅಲೆಗಳನ್ನೇ ನೋಡುತ್ತ ಹೇಳಿದಳು: "ನಂಗೆ ಸಾಕಾಗಿದೆ ರೀ. ಬೆಳಿಗ್ಗೆಯಿಂದ ಸಂಜೆವರೆಗೂ ನಿಮ್ಮಿಬ್ಬರ ನಡುವೆ ಟಪಾಲು ಹಂಚ್ತಾ ಇರೋಕೆ ನನ್ನಿಂದಾಗಲ್ಲ. ಊರಿಗೆ ವಾಪಸ್ ಹೋಗೋದರೊಳಗೆ ಮಾತು ಶುರುವಾಗದಿದ್ರೆ ನಮ್ಮಣ್ಣನ ಮನೆಗೇ ಹೋಗೋದಾಗಿ ಅಮ್ಮ ಹೇಳಿಬಿಟ್ಟಿದ್ದಾಳೆ. ಅಲ್ಲಿ ಅವಳಿಗೆ ಸುಖ ಇಲ್ಲ, ನಿಮಗೂ ಗೊತ್ತು."

ಕಂಡಕ್ಟರ್ ತಲೆ ತಗ್ಗಿಸಿದ. ಅವನಿಗೂ ಬೇಕಾಗಿದ್ದು ಅದೇ, ಅವಳಿಗಿಂತ ಒಂದು ಗುಂಜಿ ಹೆಚ್ಚೇ. ಅವನ ಸ್ವಂತ ತಾಯಿ ಅವನು ಚಡ್ಡಿ ಹಾಕುವ ಕಾಲದಲ್ಲೇ ತೀರಿಹೋಗಿದ್ದಳು. ಮದುವೆ ನಿಶ್ಚಯವಾದಾಗ, ಹೆಂಡತಿಯ ಜೊತೆ ಒಬ್ಬ ಅಮ್ಮನೂ ಸಿಗುತ್ತಾಳಲ್ಲ ಎಂದು ಒಳಗೊಳಗೇ ಕುಣಿದಾಡಿದ್ದ. ಆ ಅಮ್ಮನನ್ನು ಒಂದು ತುಂಡು ಕಾಗದಕ್ಕೆ ಕಳೆದುಕೊಂಡೆನಲ್ಲ ಎಂಬ ಸಂಕಟ ಅವನನ್ನು ಎಂದೂ ಬಿಟ್ಟಿರಲಿಲ್ಲ. ಕ್ಷಮೆ ಕೇಳಲು ಎಷ್ಟೋ ಸಲ ಹೋಗಿದ್ದ. ಅತ್ತೆ ಎದ್ದು ಒಳಗೆ ಹೋಗುತ್ತಿದ್ದಳು, ಇಲ್ಲವೇ ನೀರಿನ ಹೂಜಿಗೆ ಹೇಳಿ ಕಳಿಸುತ್ತಿದ್ದಳು. ಹೂಜಿಯ ಹತ್ತಿರ ಎಂಥ ಕ್ಷಮೆ ಕೇಳುವುದು?

ಮೂರನೆಯ ದಿನ ದೋಣಿಯ ಪ್ರಯಾಣ. ಊರಿನ ಹಿಂಬದಿಯಲ್ಲಿ ನದಿ ಕಡಲಿಗೆ ಸೇರುವ ಕಡೆ ಕಾಂಡ್ಲಾ ಕಾಡಿತ್ತು. ಉಪ್ಪುನೀರಲ್ಲೇ ಬೇರು ಬಿಟ್ಟು ನಿಲ್ಲುವ ಗಿಡಗಳು, ಕೆಸರಿನಿಂದ ಸಾವಿರಾರು ಬೇರುಗಳು ಉಸಿರಾಡಲೆಂದು ಮೇಲೆದ್ದು ನಿಂತಿದ್ದವು. ಉದ್ದನೆಯ ಮೋಟಾರು ದೋಣಿ, ಮೇಲೆ ನೀಲಿ ತಾಡಪಾಲು, ಹಿಂದೆ ಎಂಜಿನ್ನಿನ ಪಕ್ಕ ದೋಣಿಯವನು. ಹೊಟ್ಟೆ ತೊಳೆಸೀತೆಂಬ ಭಯಕ್ಕೆ ಹೆಂಡತಿ ಹಿಂದೆಯೇ ಕೂತಳು. ಅತ್ತೆ ಕಂದು ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಕೊಡೆ ಹಿಡಿದು, ಎಲ್ಲರಿಗಿಂತ ಮುಂದೆ, ಮೂತಿ ನೀರಿನ ಕಡೆಗೆ ಮಾಡಿ ಕೂತಳು. ಕಂಡಕ್ಟರ್ ಕೂರಲೇ ಇಲ್ಲ. ಸೀಟಿದ್ದರೂ ನಡುವೆ ಕಂಬ ಹಿಡಿದು ನಿಂತ. ಅಭ್ಯಾಸಬಲ.

ನೀರು ತಣ್ಣಗೆ, ಹಸಿರಾಗಿ, ಬೇರುಗಳ ನಡುವೆ ಓಣಿ ಓಣಿಯಾಗಿ ಹರಿಯುತ್ತಿತ್ತು. ಮೀನಾಗಿ ಹುಟ್ಟಿದ ತಪ್ಪಿಗೆ ನೀರಲ್ಲಿರಬೇಕು ಎನ್ನುವುದನ್ನೂ ಮರೆತು ಒಂದಷ್ಟು ಮೀನುಗಳು ಕೆಸರಿನ ಮೇಲೆ ತೆವಳಿ ಬಂದು ಬೇರು ಹತ್ತಿ ಕೂತಿದ್ದವು. ಒಂದು ಒಣ ಕೊಂಬೆಯ ಮೇಲೆ ಕರಿಯ ನೀರುಕಾಗೆಗಳು ಒತ್ತೊತ್ತಾಗಿ ತುಂಬಿದ್ದವು. ಕೊನೆಯಲ್ಲಿ ಕೂತದ್ದು ಇನ್ನೇನು ಬೀಳುವಂತೆ ಜೋತಾಡುತ್ತಿತ್ತು. ಕಂಡಕ್ಟರನಿಗೆ ತಡೆಯಲಾಗಲಿಲ್ಲ.

"ಫುಟ್‌ಬೋರ್ಡ್ ಮೇಲೆ ನಿಲ್ಬೇಡಪ್ಪಾ, ಒಳಗೆ ಬಾ" ಎಂದ, ಮೆಲ್ಲಗೆ.

ಮುಂದೆ ಕೂತ ಕಂದು ಶಾಲು ಒಮ್ಮೆ ಅಲುಗಿತು. ಅತ್ತೆ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದನ್ನು ಅವನು ಕಂಡ. ನಕ್ಕಳೋ, ಕೆಮ್ಮಿದಳೋ? ನಕ್ಕಿದ್ದೇ ಇರಬೇಕು ಎಂದುಕೊಂಡು ಅವನ ಎದೆ ಊದಿಕೊಂಡಿತು.

ಕಾಡು ಮುಗಿದಲ್ಲಿ, ನೀರ ನಡುವೆ, ಒಂದು ಮರಳ ದಿಬ್ಬ. ಇಳಿತದ ಹೊತ್ತಿಗಷ್ಟೇ ಕಾಣಿಸಿಕೊಳ್ಳುವ ದಿಬ್ಬವೆಂದೂ, ಭರತ ಏರತೊಡಗಿದರೆ ತಡಮಾಡದೆ ಹೊರಡಬೇಕೆಂದೂ ದೋಣಿಯವನು ಹೇಳಿ ಎಲ್ಲರನ್ನೂ ಇಳಿಸಿದ. ಹಕ್ಕಿಗಳೆಂದರೆ ಹಕ್ಕಿಗಳು. ಉದ್ದ ಕಾಲಿನವು, ಸೊಟ್ಟ ಕೊಕ್ಕಿನವು, ಸುಮ್ಮನೆ ಅತ್ತಿಂದಿತ್ತ ಓಡುವುದೇ ಕಸುಬಾದ ಪುಟಾಣಿಗಳು. ಜನ ಚದುರಿದರು. ಹೆಂಡತಿ ಕಪ್ಪೆಚಿಪ್ಪು ಆಯಲು ಕೂತಳು. ಅತ್ತೆ ಕೊಡೆ ಊರಿಕೊಂಡು ದಿಬ್ಬದ ಆಚೆ ಮಗ್ಗುಲಿಗೆ ನಡೆದಳು. ಕಂಡಕ್ಟರ್ ದೋಣಿಯ ಹತ್ತಿರವೇ ಉಳಿದ. ಗಾಡಿ ಬಿಟ್ಟು ದೂರ ಹೋಗಿ ಅವನಿಗೆ ಗೊತ್ತಿಲ್ಲ.

ನೀರು ಏರತೊಡಗಿತು. ಎಲ್ಲರೂ ಬನ್ನಿ ಎಂದು ದೋಣಿಯವನು ಕೂಗಿ ಎಂಜಿನ್ನಿನ ಪಕ್ಕ ಹೋಗಿ ಕೂತ. ತಾಡಪಾಲಿನ ಕೆಳಗೆ ಅಷ್ಟು ತಲೆಗಳ ಹಿಂದೆ ಅವನಿಗೆ ಮುಂದಿನದೇನೂ ಕಾಣುತ್ತಿರಲಿಲ್ಲ. "ಎಲ್ಲ ಬಂದ್ರಾ ನೋಡ್ರೀ ಯಾರಾದ್ರೂ" ಎಂದು ಗಾಳಿಗೆ ಕೇಳಿದ.

ಯಾರಾದ್ರೂ! ದೇವರೇ ಬಾಯಿಬಿಟ್ಟು ಕರೆದಂತಾಯಿತು ಕಂಡಕ್ಟರನಿಗೆ. ಬರುವಾಗಲೇ ಅವನು ಎಣಿಸಿಟ್ಟಿದ್ದ, ತನ್ನನ್ನು ಬಿಟ್ಟು ಹನ್ನೆರಡು ತಲೆ. ಈಗ ಬೆರಳು ಕುಣಿಸುತ್ತ ಹಿಂದಿನಿಂದ ಮುಂದಕ್ಕೆ ಎಣಿಸಿದ. ಮುಂದಿನ ತುದಿಯಲ್ಲಿ ನೀರಿನ ಕಡೆ ಮುಖ ಮಾಡಿ ಕೂತಿದ್ದ ಕಂದು ಶಾಲಿನ ತಲೆಗೆ ಸರಿಯಾಗಿ ಹನ್ನೆರಡಾಯಿತು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಶೇವಿಂಗ್ ಡಬ್ಬಿಯಲ್ಲಿದ್ದ ವಿಷಲ್ ಆ ಬೆಳಿಗ್ಗೆ ಅಂಗಿಯ ಜೇಬಿಗೆ ಹೇಗೆ ಬಂತೆಂದು ಕೇಳಬೇಡಿ, ಬಂದಿತ್ತು. ಎರಡು ಸಲ ಊದಿ, "ರೈಟ್, ರೈಟ್" ಎಂದ. ದೋಣಿ ಹೊರಟಿತು.

ಹಿಂದಿನಿಂದ ಹೆಂಡತಿ ಅವನನ್ನು ನೋಡಿದ ನೋಟ ಹೇಗಿತ್ತೆಂದರೆ, ಅವನು ವಿಷಲನ್ನು ಅಲ್ಲೇ ನುಂಗಿಬಿಟ್ಟರೂ ಶಿಕ್ಷೆ ಕಡಿಮೆಯೇ. ಅವಳು ಸರಕ್ಕನೆ ಮುಖ ತಿರುಗಿಸಿ, ದೋಣಿಯವನ ಎಂಜಿನ್ನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಈಗ ತಾಯಿಯೂ ಮಾತಾಡುವುದಿಲ್ಲ, ಮಗಳೂ ಮಾತಾಡುವುದಿಲ್ಲ. ಕಂಡಕ್ಟರನಿಗೆ, ಹೇಗೂ ಕೆಟ್ಟಿತು, ಇದೇ ಸಮಯ, ಅತ್ತೆ ಎದ್ದು ಹೋಗಲು ಸುತ್ತ ನೀರು ಬಿಟ್ಟರೆ ಜಾಗವಿಲ್ಲ ಎನ್ನಿಸಿತು. ಮುಂದಕ್ಕೆ ಹೋಗಿ ಕಂದು ಶಾಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತ.

"ಅತ್ತೆ," ಎಂದ.

ಉತ್ತರ ಬರಲಿಲ್ಲ. ಅದು ಮಾಮೂಲು. ಅವನು ಮುಂದುವರಿದ. ಆ ಕುಂಬಳಕಾಯಿಯ ವಿಷಯ ನನ್ನ ಗಂಟಲಲ್ಲಿ ಇವತ್ತಿಗೂ ಸಿಕ್ಕಿಕೊಂಡಿದೆ ಎಂದ. ನಿಯಮ ನಿಯಮವೇ, ಆದರೆ ಆ ಲಗೇಜಿನದು ನನ್ನ ಜೇಬಿಂದಲೇ ಹಾಕಿಬಿಡಬಹುದಿತ್ತು, ಅದು ಹೊಳೆದಾಗ ನೀವು ಆಗಲೇ ಇಳಿದು ಹೋಗಿದ್ದಿರಿ ಎಂದ. ನೀವು ಕಾಯಿ ಹೊತ್ತುಕೊಂಡು ರಸ್ತೆಯಲ್ಲಿ ನಡೆದು ಹೋಗುವುದನ್ನು ಹಿಂದಿನ ಗಾಜಿನಲ್ಲಿ ನೋಡಿದೆ, ಬಸ್ಸು ನಿಲ್ಲಿಸುವ ಧೈರ್ಯ ಬರಲಿಲ್ಲ ಎಂದ. ಶಾಲಿನ ಭುಜ ಅಲುಗತೊಡಗಿತು. ಅತ್ತೆ ಅಳುತ್ತಿದ್ದಾಳೆ ಎಂದು ತಿಳಿದು ಅವನ ಕಣ್ಣೂ ತುಂಬಿತು.

"ನನಗೆ ತಾಯಿ ಇಲ್ಲ ಅತ್ತೆ. ನೀವು ಬಂದು ನಮ್ಮನೇಲಿ ಇರಿ. ದಿನಾ ಬೈದ್ರೂ ಪರವಾಗಿಲ್ಲ, ನನ್ನನ್ನೇ ನೋಡಿ ಬೈರಿ."

ಶಾಲು ತಿರುಗಿತು. ಒಳಗೆ ಒಂದು ಹುಲುಸಾದ ಗಡ್ಡ, ಕುತ್ತಿಗೆಯಲ್ಲಿ ಮೊಳದುದ್ದದ ಕ್ಯಾಮೆರಾ. ಹಕ್ಕಿಗಳ ಫೋಟೋ ತೆಗೆಯುವ ಆಸಾಮಿ. ಬೆಳಗಿನ ದೋಣಿಯಲ್ಲಿ ಬಂದು, ಹಕ್ಕಿಗಳು ಹೆದರದಿರಲೆಂದು ಮರಳಿಗೆ ಹೊಂದುವ ಕಂದು ಶಾಲು ಹೊದ್ದು ದಿಬ್ಬದ ಮೇಲೆ ಬೋರಲು ಬಿದ್ದಿದ್ದವನು ಈ ದೋಣಿಗೆ ಹತ್ತಿಕೊಂಡಿದ್ದ. ನಗು ತಡೆದೂ ತಡೆದೂ ಅವನ ಕಣ್ಣಲ್ಲೂ ನೀರಿತ್ತು.

"ನನ್ನನ್ನ ಕೇಳಿದ್ರೆ ಕ್ಷಮಿಸಬಹುದು ಅಣ್ಣ," ಎಂದ ಗಡ್ಡದವನು ಗಂಭೀರವಾಗಿ. "ಆದ್ರೂ ಅತ್ತೆ ಹತ್ರ ಕಾಯಿಗೆ ದುಡ್ಡು ಕೇಳಬಾರದಿತ್ತು ನೀವು."

ಕಂಡಕ್ಟರ್ ದಡಕ್ಕನೆ ಎದ್ದ. ಅವನು ಎಣಿಸಿದ್ದು ತಲೆ. ಇಡೀ ಸರ್ವೀಸಿನಲ್ಲಿ ಎಣಿಸಿದ್ದೂ ತಲೆಯೇ. ಮುಖ ನೋಡುವುದು ಅವನ ಕೆಲಸದಲ್ಲಿ ಬಂದೇ ಇರಲಿಲ್ಲ. ವಿಷಲನ್ನು ಬಾಯಿಗಿಟ್ಟು ಒಂದೇ ಒಂದು ಸಲ, ಕಿವಿ ಹರಿಯುವಂತೆ ಊದಿದ. ದೋಣಿ ಗಕ್ಕನೆ ನಿಂತಿತು.

"ಅಮ್ಮ ಎಲ್ಲಿ?" ಎಂದಳು ಹೆಂಡತಿ, ಎದ್ದು ನಿಂತು.

"ಲೆಕ್ಕ ಸರಿಯಿತ್ತು ಕಣೇ," ಎಂದ ಅವನು. ಮದುವೆಯಾದಂದಿನಿಂದ ಅವನು ಆಡಿದ ಮಾತುಗಳಲ್ಲಿ ಇಷ್ಟು ದರಿದ್ರದ್ದು ಇನ್ನೊಂದಿರಲಿಲ್ಲ.

ದೋಣಿ ತಿರುಗಿತು. ದೋಣಿಯವನು ಸಮಾಧಾನ ಹೇಳುತ್ತಲೇ ಇದ್ದ. ದಿಬ್ಬದ ನೆತ್ತಿಯ ಮೇಲೆ ಎಷ್ಟೇ ಭರತ ಬಂದರೂ ಸೊಂಟದ ಮೇಲೆ ನೀರು ಬಂದದ್ದಿಲ್ಲವಂತೆ. ನಮ್ಮತ್ತೆ ಕುಳ್ಳಗಿದ್ದಾರೆ ಎಂದ ಕಂಡಕ್ಟರ್. ಹಾಗಾದ್ರೆ ಸ್ವಲ್ಪ ಬೇಗ ಹೋಗೋಣ ಎಂದು ದೋಣಿಯವನು ಎಂಜಿನ್ನು ಜೋರು ಮಾಡಿದ. ಹೆಂಡತಿ ಆಯ್ದಿದ್ದ ಕಪ್ಪೆಚಿಪ್ಪುಗಳನ್ನು ಮುಷ್ಟಿಯಲ್ಲಿ ಹಿಡಿದು ಮುಂದೆಯೇ ದಿಟ್ಟಿಸುತ್ತಿದ್ದಳು. ಕಂಡಕ್ಟರನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮಾತಾಡದಿದ್ದರೆ ಬೇಡ, ಅತ್ತೆಯೊಬ್ಬಳು ಅಲ್ಲಿ ನಿಂತಿದ್ದರೆ ಸಾಕು, ಜೀವನವಿಡೀ ಹೂಜಿಯ ಜೊತೆಗೇ ಮಾತಾಡುತ್ತೇನೆ ಎಂದು ಹರಕೆ ಹೊತ್ತ.

ಅತ್ತೆ ಇದ್ದಳು. ದಿಬ್ಬ ಈಗ ಒಂದು ಚಾಪೆಯಷ್ಟು ಉಳಿದಿತ್ತು. ಅದರ ನಡುವೆ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕೊಡೆ ಹಿಡಿದು, ಕಾಲ ಬುಡದಲ್ಲಿದ್ದ ಒಂದು ಏಡಿಗೆ ಬಗ್ಗಿ ಏನೋ ಜೋರಾಗಿ ಹೇಳುತ್ತಿದ್ದಳು. ಗಾಳಿಗೆ ಮಾತು ದೋಣಿಯವರೆಗೂ ತೇಲಿ ಬಂತು. "ಕಾಯಿಗೆ ಟಿಕೆಟ್ ಹರಿಯೋದು ಗೊತ್ತು. ಅತ್ತೇನ ಹತ್ತಿಸ್ಕೊಳ್ಳೋದು ಗೊತ್ತಿಲ್ಲ. ಹೇಳು ನೀನು, ನ್ಯಾಯ ಹೇಳು."

ಕಂಡಕ್ಟರ್ ಹಿಂದುಮುಂದು ನೋಡದೆ, ಈಜು ಬಾರದಿದ್ದರೂ, ಉಸಿರು ಬಿಗಿಹಿಡಿದು ದೋಣಿಯಿಂದ ಹಾರಿದ. ನೀರು ಮೊಣಕಾಲಿನಷ್ಟಿತ್ತು. ಹಾರಿದ ರಭಸಕ್ಕೆ ಮುಖ ಅಡಿಯಾಗಿ ಬಿದ್ದು, ಎದ್ದು, ಉಪ್ಪುನೀರು ಉಗುಳುತ್ತ ನಡೆದುಕೊಂಡು ಹೋದ. ಮುಂದೆ ಬಂದರೆ ತಳ ಹತ್ತುತ್ತದೆಂದು ದೋಣಿ ದೂರವೇ ನಿಂತಿತು.

ಅವನು ಬರುತ್ತಿದ್ದುದನ್ನು ಕಂಡು ಅತ್ತೆ ಏಡಿಯ ಕಡೆ ತಿರುಗಿದಳು, ಹೇಳುವುದು ಇನ್ನೂ ಬಹಳವಿತ್ತು. ಆಗಲೇ ಒಂದು ಅಲೆ ಬಂದು ಚಾಪೆಯಷ್ಟು ಮರಳನ್ನೂ ಮುಚ್ಚಿತು, ಏಡಿ ಬಿಲ ಸೇರಿತು. ಅವಳು ಕೊಡೆ ಎತ್ತಿ ಅದರ ಮುಖ ನೋಡಿ, "ಏ ಕೊಡೆ" ಎಂದಳು. ಗಾಳಿ ಅದನ್ನು ಕಿತ್ತುಕೊಂಡು ಹೋಯಿತು. ಅದನ್ನು ಹಿಡಿಯಹೋದ ಕೈಯಿಂದ ಚಪ್ಪಲಿಗಳೂ ಜಾರಿ ಜೋಡಿಯಾಗಿ ತೇಲಿ ಹೋದವು. ಹಕ್ಕಿಗಳ ಕಡೆ ನೋಡಿದಳು, ಅವೂ ಒಟ್ಟಿಗೆ ಎದ್ದು ಹಾರಿದವು. ಮಗಳು ದೂರದ ದೋಣಿಯಲ್ಲಿದ್ದಳು. ಸುತ್ತಲೂ ನೀರು, ಮೇಲೆ ಆಕಾಶ, ನಡುವೆ ಅಳಿಯ. ಬೇರೆ ಯಾರೂ ಇರಲಿಲ್ಲ, ಬೇರೆ ಏನೂ ಇರಲಿಲ್ಲ.

ಅತ್ತೆ ಇನ್ನೊಮ್ಮೆ ಅತ್ತಿತ್ತ ನೋಡಿದಳು. ಆಮೇಲೆ ಅವನ ಮುಖವನ್ನೇ ನೋಡಿದಳು. ತಲೆಯಿಂದ ನೀರು ಸುರಿಸುತ್ತ, ಮೂಗಿನ ತುದಿಗೆ ಮರಳು ಮೆತ್ತಿಕೊಂಡು ಅವನು ನಿಂತಿದ್ದ.

"ಬಗ್ಗಪ್ಪ," ಎಂದಳು ಅತ್ತೆ.

ಅವನು ಬಗ್ಗಿದ. ಅವಳು ಬೆನ್ನು ಹತ್ತಿ ಕುತ್ತಿಗೆಗೆ ಕೈ ಕಟ್ಟಿಕೊಂಡಳು. ಅವನು ನೀರಲ್ಲಿ ಎರಡು ಹೆಜ್ಜೆ ಇಟ್ಟಿರಬೇಕು, ಕಿವಿಯ ಹತ್ತಿರ ಅವಳ ದನಿ ಕೇಳಿತು.

"ಈ ಲಗೇಜಿಗೆ ಎಷ್ಟು ಹರೀತೀಯಪ್ಪ?"

ಕಂಡಕ್ಟರನ ಮೂಗಿನಿಂದ ಇಳಿದದ್ದೆಲ್ಲ ಸಮುದ್ರದ ನೀರಾಗಿರಲಿಲ್ಲ. ಅತ್ತೆ ತನ್ನ ಸೆರಗಿನಿಂದ ಅವನ ಮುಖ ಒರೆಸಿ, ಮೂಗಿನ ಮರಳು ಕೆಡವಿ, ಮಾತು ಶುರು ಮಾಡಿದಳು. ಹೊರಡುವಾಗ ಆ ಹಾಳು ಪೀಪಿ ಊದಿದ್ದು ಕೇಳಿಸಿತೆಂದೂ, ತನ್ನನ್ನು ಬಿಟ್ಟು ಹೊರಟಿರೆಂದು ಆಗಲೇ ಗೊತ್ತಾಯಿತೆಂದೂ, ಆ ಕುಂಬಳಕಾಯಿಯನ್ನು ಕೊನೆಗೆ ಪಕ್ಕದ ಮನೆಯವರು ತಿಂದರೆಂದೂ, ನಡೆಯುವಾಗ ಕಾಲು ಎತ್ತಿಡಬೇಕೆಂದೂ, ಇಷ್ಟು ಬಡಕಲಾಗಿದ್ದೀಯಲ್ಲ ನನ್ನ ಮಗಳು ಏನು ಹಾಕುತ್ತಾಳೆಂದೂ ಹೇಳುತ್ತ ಕೇಳುತ್ತ ಹೋದಳು. ವರ್ಷಗಟ್ಟಲೆ ಕಟ್ಟಿಟ್ಟಿದ್ದು ಒಂದೇ ಸಮನೆ ಬರುತ್ತಿತ್ತು. ಅವನು ಹೂಂ ಎನ್ನುತ್ತ, ಆದಷ್ಟು ನಿಧಾನವಾಗಿ ನಡೆದ.

ದೋಣಿಗೆ ಹತ್ತಿಸಿದ ಮೇಲೆ ಮಗಳು ಅಮ್ಮನನ್ನು ತಬ್ಬಿಕೊಂಡಳು, ಗಂಡನ ತೋಳಿಗೆ ಒಂದು ಗುದ್ದಿದಳು. ಅತ್ತೆ ಕೂರಲಿಲ್ಲ. ಹಿಂದಿನಿಂದ ಮುಂದಕ್ಕೆ ಒಬ್ಬೊಬ್ಬರ ಗಲ್ಲ ಹಿಡಿದು ಮುಖ ಎತ್ತಿ ನೋಡುತ್ತ ಬಂದಳು. ಗಡ್ಡದವನ ಶಾಲು ಸರಿಸಿ ಅವನ ಮುಖವನ್ನೂ ನೋಡಿದಳು. ಕೊನೆಗೆ ಅಳಿಯನ ಹತ್ತಿರ ಬಂದು, ಗಲ್ಲ ಹಿಡಿದು, ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಹೂಂ, ಈಗ ಊದು," ಎಂದಳು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಊದ್ಕೊಳ್ಳಿ ಎಂಬಂತೆ ತಲೆಯಾಡಿಸಿದಳು. ಅವನು ವಿಷಲನ್ನು ಬಾಯಿಗಿಟ್ಟು ಊದಿದ. ಒಳಗೆ ತುಂಬಿದ್ದ ಸಮುದ್ರ ಗುಳುಗುಳು ಎಂದು ಅಂಗಿಯ ಮೇಲೆ ಸುರಿಯಿತು, ದನಿ ಬರಲಿಲ್ಲ. ಅತ್ತೆ ಅದನ್ನು ಅವನ ಕೈಯಿಂದ ಕಿತ್ತು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ದೋಣಿಯವನ ಕಡೆ ತಿರುಗಿ, "ರೈಟ್, ರೈಟ್" ಎಂದಳು.